ಕಡತದಲ್ಲಿಲ್ಲದ ಗೋಡೆ

ಹಸೆ ಚಿತ್ತಾರವನ್ನು ಕಾಗದಕ್ಕೆ, ಬಟ್ಟೆಗೆ ಇಳಿಸಿಕೊಂಡಿದ್ದ ನಾನು ಇತಿಹಾಸದ ಸಾಕ್ಷ್ಯಚಿತ್ರಕ್ಕೆ ಕೈಹಾಕಿದ್ದು ಒಂದು ಕುತೂಹಲದಿಂದ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ, ದೀವರು ಸಮುದಾಯದವರ ಮನೆಗಳ ಗೋಡೆಗಳ ಮೇಲೆ ಎಂಥ ಚಿತ್ತಾರಗಳಿದ್ದವೆಂದು ತಿಳಿಯಬೇಕಿತ್ತು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಈ ಚಿತ್ರ ಮದುವೆಗೋ ಹಬ್ಬಕ್ಕೋ ಮೂಡಿ, ಮುಂದಿನ ಸಾರಣೆಯಲ್ಲಿ ಅಳಿಸಿಹೋಗುವಂಥದ್ದು. ಚಿತ್ರ ಸಿಗದಿದ್ದರೂ ಮನೆಗಳ ವಿವರವಾದರೂ ಸಿಗಲೆಂದು ಭೂಸ್ವಾಧೀನದ ಕಡತಗಳನ್ನು ಹುಡುಕಲು ಹೊರಟೆ.

ನೇರವಾಗಿ ಕಡತಕ್ಕೆ ಹೋಗದೆ ಹಳೆಯ ಮೈಸೂರು ಗೆಜೆಟ್ಟಿನ ಸಂಪುಟಗಳಿಂದ ಆರಂಭಿಸಿದ್ದು ಬಹಳ ಉಪಯೋಗಕ್ಕೆ ಬಂತು. ಸ್ವಾಧೀನದ ಪ್ರಕಟಣೆಯಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಇರುತ್ತವೆ. ಇವನ್ನು ಬರೆದುಕೊಂಡು ರೆಕಾರ್ಡ್ ರೂಮಿಗೆ ಹೋದರೆ ಅಲ್ಲಿಯವರಿಗೂ ಯಾವ ಕಟ್ಟು ಬಿಚ್ಚಬೇಕೆಂದು ತಿಳಿಯುತ್ತದೆ. ‘ಮುಳುಗಡೆಯ ಕಾಗದ ತೋರಿಸಿ’ ಎಂದಷ್ಟೇ ಕೇಳಿದರೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಹಳೆಯ ಕಾಗದದ ಹತ್ತಿರ ಶಾಯಿ ಪೆನ್ನು ಸುಳಿಯಬಾರದು, ಪೆನ್ಸಿಲ್ ಮಾತ್ರ. ಚಿತ್ರ ಬರೆಯುವವನಿಗೆ ಅದೇನೂ ಕಷ್ಟವಾಗಲಿಲ್ಲ.

ಈ ಭಾಗದ ಇತಿಹಾಸ ಬರೆಯುವವರು ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಕಾಲವನ್ನು. ಶರಾವತಿಗೆ ಕಟ್ಟಿದ ಎರಡು ಅಣೆಕಟ್ಟುಗಳಲ್ಲಿ ಹಿರೇಭಾಸ್ಕರ ಮುಗಿದದ್ದು 1948ರಲ್ಲಿ, ಲಿಂಗನಮಕ್ಕಿ 1964ರಲ್ಲಿ. ಮೊದಲನೆಯದರಿಂದ ಎದ್ದುಬಂದು ಎರಡನೆಯದರಲ್ಲಿ ಮತ್ತೆ ಏಳಬೇಕಾದ ಕುಟುಂಬಗಳೂ ಇವೆ. ಹಿರಿಯರು ಇಸವಿಯನ್ನು ಹೇಳುವುದಿಲ್ಲ, ಮುಳುಗಡೆ ಬಂದ ವರ್ಷ ಎನ್ನುತ್ತಾರೆ. ಹಾಗಾಗಿ ‘ಅಜ್ಜೀ, ಆಗ ಹಿರೇಭಾಸ್ಕರದ ಕಟ್ಟೆ ಮೇಲೆ ಕಾಣ್ತಿತ್ತಾ?’ ಎಂದು ಕೇಳುವುದು ನನಗೆ ರೂಢಿಯಾಯಿತು. ಹಿರೇಭಾಸ್ಕರದ ಕಟ್ಟೆಯೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ್ದರಿಂದ ಈ ಒಂದು ಪ್ರಶ್ನೆಯಿಂದ ಅರ್ಧ ಗೊಂದಲ ತೀರುತ್ತಿತ್ತು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಆ ಕಟ್ಟೆ ಮೇಲೆ ಕಾಣಿಸುತ್ತದೆ; ಹೊರಾಂಗಣ ಚಿತ್ರೀಕರಣವನ್ನೆಲ್ಲ ಆ ತಿಂಗಳುಗಳಿಗೇ ಇಟ್ಟುಕೊಂಡೆ.

ಪರಿಹಾರದ ಪಟ್ಟಿಗಳನ್ನು ಓದುತ್ತಾ ಹೋದಂತೆ ಚಿತ್ರದ ದಿಕ್ಕು ಬದಲಾಯಿತು. ನಾನು ನೋಡಿದ ಪಟ್ಟಿಗಳಲ್ಲಿ ಮನೆಯ ಗೋಡೆ ಎಂಥದು, ಮಾಡು ಎಂಥದು, ಅಡಿಕೆ, ತೆಂಗು, ಹಲಸಿನ ಮರಗಳೆಷ್ಟು ಎಂಬುದೆಲ್ಲ ಇತ್ತು, ಗೋಡೆಯ ಮೇಲಿನ ಚಿತ್ತಾರ ಇರಲಿಲ್ಲ. ಬೆಲೆ ಕಟ್ಟಲಾಗದ್ದು ಪಟ್ಟಿಗೆ ಬರುವುದಿಲ್ಲ ಎಂದು ಅದನ್ನು ಒಪ್ಪಿಕೊಳ್ಳಬಹುದು. ಆದರೆ ಆ ನೆಲವನ್ನು ಉತ್ತವರ ಹೆಸರೂ ಅನೇಕ ಕಡೆ ಕಾಣಲಿಲ್ಲ. ಹೆಸರಿದ್ದದ್ದು ಭೂಮಾಲೀಕರದ್ದು. ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿಯೇ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸೀಮೆಯಿದು. ಗೇಣಿದಾರನ ಮಟ್ಟಿಗೆ ಕಡತ ಎಷ್ಟು ಮಿತವಾಗಿ ಮಾತಾಡುತ್ತದೆಂಬುದನ್ನು ಪುಟ ತಿರುಗಿಸುವಾಗ ಕಣ್ಣಾರೆ ಕಂಡೆ. ಅಲ್ಲಿಂದ ಮುಂದೆ ಕಡತದಲ್ಲಿ ಹೆಸರಿಲ್ಲದ ಮನೆಗಳವರನ್ನೇ ಹುಡುಕಿಕೊಂಡು, ಅವರು ಈಗ ನೆಲೆಸಿರುವ ಊರುಗಳಿಗೆ ಹೋದೆ.

ಗ್ರಾಮ ನಕ್ಷೆ ಓದುವುದು ಕಲಾವಿದನಿಗೆ ಬೇಗ ಒಗ್ಗುತ್ತದೆ. ಸರ್ವೆಯ ಸರಪಳಿ 33 ಅಡಿ, ಒಂದು ಸರಪಳಿ ಉದ್ದಗಲದ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಈ ಲೆಕ್ಕ ತಿಳಿದರೆ ಕೆರೆಯಿಂದ ಮನೆ, ಮನೆಯಿಂದ ತೋಟ ಎಷ್ಟು ದೂರವಿತ್ತೆಂದು ಅಂದಾಜು ಮಾಡಬಹುದು. ನಕ್ಷೆಯನ್ನು ದೊಡ್ಡದಾಗಿ ಬರೆದು ಹಿರಿಯರ ಮುಂದೆ ಹಾಸಿದಾಗ, ಕ್ಯಾಮೆರಾ ಕಂಡರೆ ಮಾತೇ ನಿಲ್ಲಿಸುತ್ತಿದ್ದವರೂ ಬೆರಳಿಟ್ಟು ದಾರಿ ತೋರಿಸತೊಡಗಿದರು.

ಚಿತ್ರೀಕರಣದಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಿದ್ದೇನೆ. ದಾಖಲೆಯನ್ನು ದಾಖಲೆಯಾಗಿಯೇ ತೋರಿಸುತ್ತೇನೆ: ಕಾಗದವನ್ನು ಸಮತಟ್ಟಾಗಿ ಹಾಸಿ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ಸಮನಾದ ಬೆಳಕು ಕೊಟ್ಟು, ನೋಡುವವರು ಓದಿ ಮುಗಿಸುವವರೆಗೆ ಶಾಟ್ ನಿಲ್ಲಿಸುತ್ತೇನೆ. ಪೆನ್ನು ಒತ್ತಿದ ಗುರುತು ಮಾತ್ರ ಉಳಿದ ಪುಟವಾದರೆ ಒಂದೇ ಬದಿಯಿಂದ, ಕಾಗದಕ್ಕೆ ತಾಗಿದಂತೆ ಓರೆಯಾಗಿ ಬೆಳಕು ಬಿಟ್ಟರೆ ಅಕ್ಷರ ಎದ್ದು ಕಾಣುತ್ತದೆ. ಕಾಗದವಿಲ್ಲದೆ ನೆನಪು ಮಾತ್ರ ಇರುವಲ್ಲಿ ಕೆಮ್ಮಣ್ಣಿನ ಮೇಲೆ ಬಿಳಿ ಗೆರೆಯಲ್ಲಿ ಬರೆದು ತೋರಿಸುತ್ತೇನೆ. ಯಾವುದು ಕಡತದ್ದು, ಯಾವುದು ನನ್ನ ಕೈಯದು ಎಂಬುದರಲ್ಲಿ ನೋಡುವವರಿಗೆ ಅನುಮಾನ ಉಳಿಯಬಾರದು. ನಟರಿಗೆ ಪಂಚೆ ಉಡಿಸಿ ಗದ್ದೆಯಲ್ಲಿ ನಡೆಸಿ, ಹಿಂದೆ ಕೊಳಲು ನುಡಿಸುವ ಮರುಸೃಷ್ಟಿ ನನಗೆ ಸೇರುವುದಿಲ್ಲ; ಅಲ್ಲಿ ಊಹೆ ಸಾಕ್ಷ್ಯದ ವೇಷದಲ್ಲಿ ಬಂದು ಕೂರುತ್ತದೆ.

ಪ್ರತಿ ಸ್ಕ್ಯಾನಿನ ಹೆಸರಿನಲ್ಲೇ ಕಡತದ ಸಂಖ್ಯೆ, ವರ್ಷ, ಪುಟ ಸೇರಿಸಿಡುತ್ತೇನೆ. ಸಂದರ್ಶನ ಕೊಟ್ಟ ಮನೆಗಳಿಗೆ ಅವರ ಊರಿನ ಪುಟಗಳ ಪ್ರತಿ ಕೊಡುವಾಗಲೂ ಆ ವಿವರವನ್ನು ಹಿಂಬದಿಯಲ್ಲಿ ಬರೆದಿರುತ್ತೇನೆ, ಮುಂದೆ ಅವರಲ್ಲಿ ಯಾರಾದರೂ ಮೂಲವನ್ನು ಕೇಳಿ ಪಡೆಯಬೇಕಾದರೆ ಬೇಕಾಗುವುದು ಅದೇ.