ಮಳೆಗಾಲದಲ್ಲಿ ಬಾಗಿಲಿನ ಎಣ್ಣೆ ಆರುತ್ತಿಲ್ಲವೇ? ಡ್ರೈಯರ್ ಹೀಗೆ ಬೆರೆಸಿ

ಮಳೆಗಾಲದಲ್ಲಿ ಮರದ ಬಾಗಿಲಿಗೆ ಹಸಿ ಅಗಸೆ ಎಣ್ಣೆ ಹಚ್ಚಿದರೆ ವಾರ ಕಳೆದರೂ ಕೈಗೆ ಅಂಟುತ್ತದೆ. ಧೂಳೆಲ್ಲ ಅಲ್ಲೇ ಬಂದು ಕೂರುತ್ತದೆ. ಇದಕ್ಕೆ ಡ್ರೈಯರ್, ಅಂದರೆ ಎಣ್ಣೆ ಬೇಗ ಆರಲೆಂದು ಅದಕ್ಕೆ ಬೆರೆಸುವ ದ್ರವ, ಒಳ್ಳೆಯ ಉಪಾಯ, ಆದರೆ ಅಳತೆ ತಪ್ಪಬಾರದು. ಒಮ್ಮೆ ನಾನು ಬೇಗ ಆರಲಿ ಎಂದು ಕಣ್ಣಂದಾಜಿನಲ್ಲಿ ಸುರಿದೆ. ಮೇಲೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು, ಒಳಗೆ ಹಸಿಯಾಗಿಯೇ ಉಳಿಯಿತು. ಬಾಗಿಲನ್ನು ಪೂರ್ತಿ ಕೆರೆದು ತೆಗೆಯಬೇಕಾಯಿತು.

ನೀರು ಆರುವ ಹಾಗೆ ಎಣ್ಣೆ ಆರುವುದಿಲ್ಲ. ಅದು ಗಾಳಿಯ ಆಮ್ಲಜನಕ ಹೀರಿ, ಒಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಡ್ರೈಯರ್‌ನಲ್ಲಿರುವ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳು ಆ ಕೆಲಸಕ್ಕೆ ವೇಗ ಕೊಡುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ ಚೂರು ಸಾಕು. ತೆಂಗಿನೆಣ್ಣೆ, ಹೊಂಗೆ ಎಣ್ಣೆಗೆ ಈ ಗುಣವೇ ಇಲ್ಲ. ಎಷ್ಟು ಡ್ರೈಯರ್ ಹಾಕಿದರೂ ಅವು ಗಟ್ಟಿಯಾಗುವುದಿಲ್ಲ.

ಮೊದಲು ಡಬ್ಬಿ ಓದಿ. ‘ಬಾಯ್ಲ್ಡ್’ ಅಗಸೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಡ್ರೈಯರ್ ಸೇರಿಯೇ ಇರುತ್ತದೆ. ಎನಾಮಲ್ ಪೇಂಟ್‌ನಲ್ಲೂ ಅಷ್ಟೇ. ಅವಕ್ಕೆ ಮತ್ತೆ ಹಾಕಬೇಡಿ. ನೀರಿನ ಪೇಂಟ್‌ಗೆ ಇದು ಬೇಡವೇ ಬೇಡ.

ಹಸಿ ಎಣ್ಣೆಯಾದರೆ ಲೆಕ್ಕ ಹೀಗೆ: ಡ್ರೈಯರ್ ಶೇ 6ರ ಕೋಬಾಲ್ಟ್ ಆಗಿದ್ದರೆ 200 ಗ್ರಾಂ ಎಣ್ಣೆಗೆ ಸುಮಾರು 1.5 ಮಿ.ಲೀ. ಶೇ 3ರದ್ದಾದರೆ 3 ಮಿ.ಲೀ. ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ, ಚಮಚ ನಂಬಬೇಡಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ. ನಿಧಾನವಾಗಿ ಕದಡಿ, ಅವತ್ತಿಗೆ ಬೇಕಾದಷ್ಟನ್ನೇ ಕಲಸಿ.

ಕೋಬಾಲ್ಟ್ ಮೇಲ್ಪದರವನ್ನು ಮೊದಲು ಆರಿಸುತ್ತದೆ. ಹಾಗಾಗಿ ದಪ್ಪಗೆ ಬಳಿದರೆ ಸುಕ್ಕು ಖಂಡಿತ. ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಜಿರ್ಕೋನಿಯಂ ಎಂಬ ಲೋಹ ಸೇರಿದ ಡ್ರೈಯರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಒಳಗಿನವರೆಗೂ ಆರಲು ನೆರವಾಗುತ್ತದೆ. ಅದರ ಅಳತೆ ಬೇರೆ, ಡಬ್ಬಿಯ ಮೇಲಿದ್ದಷ್ಟೇ ಹಾಕಿ. ಮೊದಲು ಈ ಕೆಲಸಕ್ಕೆ ಸೀಸ ಬಳಸುತ್ತಿದ್ದರು. ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮಲ್ಲಿ ಮನೆ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಹಳೆಯ ಸೀಸದ ಡ್ರೈಯರ್ ಯಾರಾದರೂ ಸುಮ್ನೆ ಕೊಟ್ಟರೂ ತರಬೇಡಿ. ಹಾಗೆಯೇ ಲಟ್ಟಣಿಗೆ, ತರಕಾರಿ ಮಣೆಗೆ ಯಾವ ಡ್ರೈಯರೂ ಬೇಡ, ನಿಧಾನವಾದರೂ ಹಸಿ ಎಣ್ಣೆಯೇ ಸರಿ.

ಮರುದಿನ ಕಾಣದ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೊಂದು ದಿನ ಬಿಡಿ. ಗಾಳಿಯಾಡಿದಷ್ಟೂ ಬೇಗ ಆರುತ್ತದೆ, ಫ್ಯಾನ್ ಹಾಕಿದರೂ ಸರಿ.

ಇನ್ನು ಒರೆಸಿದ ಬಟ್ಟೆ. ದಯವಿಟ್ಟು ಅದನ್ನು ಮುದುರಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಡ್ರೈಯರ್ ಇದ್ದರೆ ಇನ್ನೂ ಜಾಸ್ತಿ. ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿ ಸಿಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಹತ್ತಿದ್ದು ಅಗಸೆ ಎಣ್ಣೆಯ ಬಟ್ಟೆಗಳಿಂದಲೇ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಬಟ್ಟೆಯನ್ನು ನೀರಲ್ಲಿ ನೆನೆಸಿ, ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ. ಹಪ್ಪಳದಂತೆ ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.