ಬೆಂಡಿನ ಬಾಸಿಂಗಕ್ಕೆ ರೆಸಿನ್: ನನ್ನ ಅನುಭವ

ಬೆಂಡಿನ ಬಾಸಿಂಗ ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗುವುದಿಲ್ಲ. ಸ್ವಲ್ಪ ಒತ್ತಿದರೂ ಮುರಿಯುತ್ತದೆ. ನಾಲ್ಕಾರು ವರ್ಷ ಇಟ್ಟರೆ ಜರಿ ಕಾಗದ ಉದುರುತ್ತದೆ, ಬೆಂಡಿಗೆ ಹುಳ ಬೀಳುತ್ತದೆ. ನಮ್ಮ ರಾಯಚೂರು ಕಡೆ ಮದುವೆ ಮುಗಿದ ಮೇಲೆ ಬಾಸಿಂಗವನ್ನು ಕೆಲವರು ಹೊಳೆಗೆ ಬಿಡುತ್ತಾರೆ, ಕೆಲವರು ದೇವರ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹಾಗೆ ಇಟ್ಟುಕೊಂಡವರು ಈಗ ನನ್ನ ಹತ್ತಿರ ತರುತ್ತಾರೆ. ಅದನ್ನು ಪಾರದರ್ಶಕ ಇಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಒಳಗೆ ಕೂರಿಸಿ ಶೋಕೇಸಿನಲ್ಲಿ ಇಡುವಂತೆ ಮಾಡಿಕೊಡುತ್ತೇನೆ. ಬಾಸಿಂಗ ಒಂದೇ ಅಲ್ಲ. ಭತ್ತದ ತೆನೆ, ಹತ್ತಿ ಕಾಯಿ, ಮದುವೆ ಹಾರದ ಹೂವು, ಜೀರಂಗಿ, ಎಲ್ಲವನ್ನೂ ಮಾಡಿದ್ದೇನೆ.

ಈ ಕೆಲಸ ಅಂದರೆ ರೆಸಿನ್ ಕಲಸಿ ಸುರಿಯುವುದು ಅಂತ ಹೊಸಬರು ತಿಳಿದುಕೊಂಡಿರುತ್ತಾರೆ. ಸುರಿಯುವುದು ಅರ್ಧ ಗಂಟೆಯ ಕೆಲಸ. ಅದಕ್ಕೂ ಮೊದಲು ವಸ್ತುವಿನ ಒಳಗಿರುವ ನೀರು ಮತ್ತು ಗಾಳಿಗೆ ಒಂದು ದಾರಿ ಮಾಡಬೇಕು. ಅಲ್ಲೇ ಇರುವುದು ನಿಜವಾದ ಕೆಲಸ.

ನೀರಿನ ವಿಷಯ ಸುಲಭ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳು ಹಾಕಿ, ವಸ್ತುವನ್ನು ಅದರೊಳಗೆ ಹೂತಿಟ್ಟರೆ ತೇವ ಹೊರಗೆ ಬರುತ್ತದೆ. ಹೂವಿಗೆ ಸಾಮಾನ್ಯವಾಗಿ ಒಂದು ವಾರ ಬೇಕು. ದಪ್ಪ ಹೂವಾದರೆ ಜಾಸ್ತಿ ದಿನ. ಹೊರಗಿನ ಎಸಳು ಗರಿಗರಿ ಅಂದರೆ ಸಾಲದು, ತೊಟ್ಟಿನ ಹತ್ತಿರ ಮುಟ್ಟಿ ನೋಡಬೇಕು. ಅಲ್ಲಿ ಒಂಚೂರು ತೇವ ಉಳಿದರೂ ರೆಸಿನ್ ಒಳಗೆ ಮಂಜು ಕಟ್ಟಿದಂತೆ ಕಾಣುತ್ತದೆ, ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ. ಚೆಂಡು ಹೂವು ಬಣ್ಣ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕೆಂಪು ಗುಲಾಬಿ ಒಣಗಿದಾಗ ಕಪ್ಪು ಮಿಶ್ರಿತ ಕೆಂಪಾಗುತ್ತದೆ. ಮಲ್ಲಿಗೆ ಬೇಡವೇ ಬೇಡ ಅಂತ ಹೇಳಿಬಿಡುತ್ತೇನೆ.

ಗಾಳಿಯ ವಿಷಯ ಅಷ್ಟು ಸುಲಭ ಅಲ್ಲ. ನಮ್ಮ ಊರು ಹತ್ತಿಯದು, ಹಾಗಾಗಿ ಹತ್ತಿ ಕಾಯಿ ಹಾಕಿಕೊಡಿ ಅಂತ ಕೇಳುವವರು ತುಂಬಾ ಜನ. ಅವರಿಗೆ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ರೆಸಿನ್ ಹಾಕಿ, ಬೆರಳ ತುದಿಯಷ್ಟು ಅರಳೆ ಅದರೊಳಗೆ ಇಡುತ್ತೇನೆ. ರೆಸಿನ್ ಮೆಲ್ಲಗೆ ಮೇಲಕ್ಕೆ ಏರುತ್ತದೆ. ಏರಿದಲ್ಲೆಲ್ಲ ಬಿಳುಪು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಬೂದು ಬಣ್ಣದ ಮಸುಕು ಉಳಿಯುತ್ತದೆ, ಒಂದೆರಡು ಕಡೆ ಎಳೆಗಳೇ ಕಾಣುವುದಿಲ್ಲ. ಹತ್ತಿಗೆ ಸ್ವಂತ ಬಿಳಿ ಬಣ್ಣ ಇಲ್ಲ. ಎಳೆಗಳೂ ಅವುಗಳ ನಡುವಿನ ಗಾಳಿಯೂ ಸೇರುವ ಕಡೆ ಬೆಳಕು ಚದುರಿ ನಮಗೆ ಬಿಳಿ ಕಾಣುತ್ತದೆ, ಅಷ್ಟೇ. ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ. ಗಾಳಿಯದು 1, ಹತ್ತಿಯದು ಮತ್ತು ಇಪಾಕ್ಸಿ ರೆಸಿನ್‌ನದು ಎರಡೂ ಸುಮಾರು 1.5. ಗಾಳಿಯ ಜಾಗದಲ್ಲಿ ರೆಸಿನ್ ತುಂಬಿದ ಮೇಲೆ ಬೆಳಕಿಗೆ ಎರಡೂ ಒಂದೇ. ಹೀಗಾಗಿ ಅರಳಿದ ಹತ್ತಿಯನ್ನು ನಾನು ರೆಸಿನ್‌ಗೆ ಹಾಕುವುದಿಲ್ಲ. ಬಲಿತು ಒಣಗಿದ, ಇನ್ನೂ ಬಾಯಿ ಬಿಡದ ಕಾಯಿ ತನ್ನಿ ಅನ್ನುತ್ತೇನೆ. ಅದು ಚೆನ್ನಾಗಿ ಕೂರುತ್ತದೆ.

ಬೆಂಡಿನ ಕಥೆಯೂ ಇದೇ. ಬೆಂಡು ಅಂದರೆ ಬರೀ ಗಾಳಿ ತುಂಬಿದ ಸಣ್ಣ ಸಣ್ಣ ಗೂಡು. ನೇರವಾಗಿ ರೆಸಿನ್ ಸುರಿದರೆ ಬಿಳುಪು ಮಾಸುತ್ತದೆ, ಗಂಟೆಗಟ್ಟಲೆ ಗುಳ್ಳೆ ಬರುತ್ತಲೇ ಇರುತ್ತವೆ. ಅದಕ್ಕೇ ಮೊದಲು ಮೈಮೇಲೆ ಒಂದು ಪದರ ಹಚ್ಚಿ ರಂಧ್ರ ಮುಚ್ಚಬೇಕು. ನಾನು ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಮೆತ್ತನೆಯ ಬ್ರಶ್‌ನಿಂದ ತೆಳ್ಳಗೆ ಹಚ್ಚುತ್ತೇನೆ. ಒಣಗಿದ ಮೇಲೆ ಇನ್ನೊಮ್ಮೆ, ಬೇಕಾದರೆ ಮತ್ತೊಮ್ಮೆ. ಬೆಂಡು ಕತ್ತರಿಸಿದ ಅಂಚುಗಳಲ್ಲಿ ಗಾಳಿ ಜಾಸ್ತಿ ಹೊರಡುತ್ತದೆ, ಅಲ್ಲಿ ಒಂದು ಪದರ ಹೆಚ್ಚೇ ಇರಲಿ. ಬಣ್ಣದ ಕಾಗದ ಇದ್ದರೆ ಹಿಂಬದಿಯ ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡುತ್ತೇನೆ. ಬಣ್ಣ ಬಿಟ್ಟರೆ ಫೆವಿಕಾಲ್ ಬಿಟ್ಟು ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ಹೊಡೆಯುತ್ತೇನೆ. ಎಲ್ಲ ಮುಗಿದ ಮೇಲೆ ಮತ್ತೆ ಸಿಲಿಕಾ ಜೆಲ್ ಡಬ್ಬಿಗೆ, ಯಾಕೆಂದರೆ ಫೆವಿಕಾಲ್‌ನಲ್ಲೂ ನೀರಿರುತ್ತದೆ ಅಲ್ವಾ.

ಬಾಸಿಂಗದ ಮೇಲೆ ಅರಿಶಿಣ, ಕುಂಕುಮ ಇದ್ದೇ ಇರುತ್ತದೆ. ಸಡಿಲ ಪುಡಿ ರೆಸಿನ್‌ನಲ್ಲಿ ತೇಲಿ ಸುತ್ತೆಲ್ಲ ಹರಡುತ್ತದೆ. ಹಾಗಂತ ಒರೆಸಿ ಹಾಕುವುದೂ ಸರಿಯಲ್ಲ. ಮಗಳ ಬಾಸಿಂಗ ತಂದ ಒಬ್ಬ ತಾಯಿ, "ಯವ್ವಾ, ಏನರ ಮಾಡು, ಆ ಅರಿಶಿಣ ಮಾತ್ರ ಉಜ್ಜಬ್ಯಾಡ" ಅಂದರು. ಅವರು ಹೇಳಿದ್ದು ನನಗೆ ಮನಸ್ಸಿಗೆ ಹಿಡಿಸಿತು. ಆ ಮದುವೆಯ ಗುರುತು ಅಂತ ಉಳಿದಿರುವುದು ಆ ಅರಿಶಿಣವೇ. ಈಗ ಎಲ್ಲ ಬಾಸಿಂಗಕ್ಕೂ ಮೊದಲು ದೂರದಿಂದ ಸ್ಪ್ರೇ ಹೊಡೆದು ಪುಡಿಯನ್ನು ಅಲ್ಲೇ ಹಿಡಿದು ನಿಲ್ಲಿಸುತ್ತೇನೆ. ಒಣಗಿದ ಮೇಲೆಯೇ ಬ್ರಶ್ ಮುಟ್ಟಿಸುವುದು.

ಇನ್ನು ನಮ್ಮ ಬಿಸಿಲು. ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಸೇರಿದ ಕೂಡಲೇ ಅದು ತಾನೇ ಬಿಸಿಯಾಗಲು ಶುರು ಮಾಡುತ್ತದೆ. ಸುತ್ತಲಿನ ಉಷ್ಣಾಂಶ 10 ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಅಂದಾಜು ಎರಡು ಪಟ್ಟು. 25 ಡಿಗ್ರಿಯಲ್ಲಿ 40 ನಿಮಿಷ ಕೈಯಾಡಿಸಬಹುದಾದ ರೆಸಿನ್ 35 ಡಿಗ್ರಿಯಲ್ಲಿ 20 ನಿಮಿಷಕ್ಕೇ ಅಂಟಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ದಾಟುತ್ತದೆ. ಕಪ್ಪಿನಲ್ಲಿ ಜಾಸ್ತಿ ರೆಸಿನ್ ಒಂದೇ ಕಡೆ ನಿಂತರೆ ಹೊಗೆ ಬಂದು ಪ್ಲಾಸ್ಟಿಕ್ ಕಪ್ಪೇ ಮೆತ್ತಗಾಗುವಷ್ಟು ಕಾಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಸುಕಿನಲ್ಲೇ ಸುರಿಯುತ್ತೇನೆ. ರೆಸಿನ್ ಬಾಟಲಿಗಳನ್ನು ಹಿಂದಿನ ದಿನವೇ ಮನೆಯ ತಂಪಾದ ಮೂಲೆಯಲ್ಲಿ ಇಟ್ಟಿರುತ್ತೇನೆ, ಒಂದೊಂದು ಸಲಕ್ಕೆ ಸ್ವಲ್ಪವೇ ಕಲಸುತ್ತೇನೆ. ಏರ್ ಕೂಲರ್ ಮಾತ್ರ ಹಾಕಬೇಡಿ. ಅದರ ತೇವದ ಗಾಳಿ ಹಾರ್ಡ್‌ನರ್ ಜೊತೆ ಸೇರಿ ಮೇಲ್ಮೈ ಮೇಲೆ ಜಿಡ್ಡಿನಂಥ ಮಬ್ಬು ಪದರ ತರುತ್ತದೆ. ಕೂಲರ್ ಆರಿಸಿ, ಸುರಿದ ಮೇಲೆ ಧೂಳು ಬೀಳದಂತೆ ರಟ್ಟಿನ ಡಬ್ಬಿ ಮುಚ್ಚಿಟ್ಟರೆ ಸಾಕು.

ಅಳತೆಯಲ್ಲಿ ಅಂದಾಜು ನಡೆಯುವುದಿಲ್ಲ. ಬಾಟಲಿಯ ಮೇಲೆ 2:1 (ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್‌ನರ್) ಅಂತ ಇದ್ದರೆ ಅದು ತೂಕದ ಲೆಕ್ಕವೋ, ಗಾತ್ರದ (ಎಂ.ಎಲ್.) ಲೆಕ್ಕವೋ ಓದಿ ನೋಡಿ. ರೆಸಿನ್ ಹಾರ್ಡ್‌ನರ್‌ಗಿಂತ ಭಾರ, ಹಾಗಾಗಿ ಎರಡು ಲೆಕ್ಕ ಒಂದೇ ಆಗುವುದಿಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಅದು ಕೊನೆಯವರೆಗೂ ಅಂಟಂಟಾಗಿಯೇ ಉಳಿಯುತ್ತದೆ. ಮೂರು ನಾಲ್ಕು ನಿಮಿಷ ನಿಧಾನವಾಗಿ, ಕಪ್ಪಿನ ಅಂಚು ಮತ್ತು ತಳ ಕೆರೆಯುತ್ತಾ ಕಲಸಬೇಕು. ಆಮೇಲೆ ಇನ್ನೊಂದು ಒಣ ಕಪ್ಪಿಗೆ ಸುರಿದು ಮತ್ತೆ ಕಲಸಬೇಕು. ಮೊದಲ ಕಪ್ಪಿನ ಗೋಡೆಗೆ ಅಂಟಿದ, ಸರಿಯಾಗಿ ಬೆರೆಯದ ರೆಸಿನ್ ಅಲ್ಲೇ ಉಳಿಯಲಿ.

ಬಾಸಿಂಗವನ್ನು ಸಿಲಿಕೋನ್ ಅಚ್ಚಿನಲ್ಲಿ ಬೋರಲಾಗಿ ಇಡುತ್ತೇನೆ, ಯಾಕೆಂದರೆ ಅಚ್ಚಿನ ತಳವೇ ಆಮೇಲೆ ಮುಂಭಾಗ ಆಗುತ್ತದೆ. ಮೊದಲು ಕೆಲವು ಮಿಲಿಮೀಟರ್ ರೆಸಿನ್ ಸುರಿದು, ಕೈಗವಸಿನ ಬೆರಳು ಮುಟ್ಟಿದರೆ ಗುರುತು ಬೀಳಬೇಕು, ಎಳೆ ಮಾತ್ರ ಬರಬಾರದು, ಅಲ್ಲಿಯವರೆಗೆ ಕಾಯುತ್ತೇನೆ. ಆಗ ಬಾಸಿಂಗದ ಮುಖಕ್ಕೆ ರೆಸಿನ್ ಬ್ರಶ್‌ನಿಂದ ಹಚ್ಚಿ, ಒಂದು ಕಡೆಯಿಂದ ಓರೆಯಾಗಿ ಇಳಿಸುತ್ತೇನೆ. ನೇರವಾಗಿ ಇಟ್ಟರೆ ಮಣಿ, ಮಿಂಚುಗಳ ಕೆಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಸ್ವಲ್ಪ ರೆಸಿನ್ ಸುರಿದು, ಅದು ಬಾಸಿಂಗವನ್ನು ಅಲ್ಲೇ ಹಿಡಿದುಕೊಳ್ಳಲು ಬಿಡಬೇಕು. ಬೆಂಡು ಅಲ್ವಾ, ಒಮ್ಮೆಲೇ ತುಂಬಿಸಿದರೆ ತೇಲಿ ಮೇಲೆ ಬರುತ್ತದೆ. ಮಿಕ್ಕಿದ್ದನ್ನು ಪದರ ಪದರವಾಗಿ ಹಾಕಬೇಕು. ಒಂದು ಪದರ ಎಷ್ಟು ದಪ್ಪ ಇರಬಹುದು ಅನ್ನುವುದು ರೆಸಿನ್‌ನಿಂದ ರೆಸಿನ್‌ಗೆ ಬೇರೆ, ಡಬ್ಬಿಯ ಮೇಲೆ ಬರೆದಿರುತ್ತದೆ. ಮೇಲೆ ಬಂದ ಗುಳ್ಳೆಗೆ ಹೀಟ್ ಗನ್ ಒಂದು ಕ್ಷಣ ತೋರಿಸಿದರೆ ಒಡೆಯುತ್ತದೆ. ಒಳಗಿನ ಗುಳ್ಳೆಯನ್ನು ಸೂಜಿಯಿಂದ ಮೇಲಕ್ಕೆ ಎಳೆದು ತರಬೇಕು.

ಜೀರಂಗಿ ಇದಕ್ಕೆ ತುಂಬಾ ಒಳ್ಳೆಯ ವಸ್ತು. ಅದರ ಹಸಿರು ಹೊಳಪು ರೆಕ್ಕೆಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಆಡುವುದರಿಂದ ಬರುತ್ತದೆ, ಸತ್ತ ಮೇಲೂ ಮಾಸುವುದಿಲ್ಲ. ಹೊಟ್ಟೆಯ ಟೊಳ್ಳಿನಿಂದ ಮಾತ್ರ ಗುಳ್ಳೆ ಬರುತ್ತದೆ. ಕೆಳಭಾಗದಲ್ಲಿ ಸೂಜಿಯಿಂದ ಸಣ್ಣ ತೂತು ಮಾಡಿ, ಸಿರಿಂಜಿನಿಂದ ರೆಸಿನ್ ತುಂಬಿಸಿ ಆಮೇಲೆ ಕೂರಿಸುತ್ತೇನೆ. ತಾನಾಗಿ ಸತ್ತು ಬಿದ್ದ ಹುಳ ಮಾತ್ರ ತೆಗೆದುಕೊಳ್ಳುತ್ತೇನೆ.

ನೈಟ್ರೈಲ್ ಕೈಗವಸು ಮತ್ತು ಕಿಟಕಿಯ ಗಾಳಿ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಹಾರ್ಡ್‌ನರ್‌ನಿಂದ ಒಮ್ಮೆ ಅಲರ್ಜಿ ಶುರುವಾದರೆ ಅದು ಬಿಟ್ಟು ಹೋಗುವುದು ಕಷ್ಟ. ಚರ್ಮಕ್ಕೆ ತಾಗಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಅಸಿಟೋನ್ ಹಚ್ಚಬೇಡಿ. ಉಜ್ಜುವಾಗ ಪಾಲಿಶ್ ಕಾಗದವನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ, ಪುಡಿ ಮೂಗಿಗೆ ಹೋಗುವುದಿಲ್ಲ. 400 ನಂಬರಿನ ಕಾಗದದಿಂದ ಶುರು ಮಾಡಿ 2000 ನಂಬರಿನವರೆಗೆ ಒಂದೊಂದಾಗಿ ಹೋದರೆ, ಕೊನೆಗೆ ಪಾಲಿಶ್ ಹಚ್ಚಿದಾಗ ಗಾಜಿನಂತೆ ಬರುತ್ತದೆ.

ಕೊಂಡು ಹೋಗುವವರಿಗೆ ಎರಡು ಮಾತು ಹೇಳಿ ಕಳಿಸುತ್ತೇನೆ. ನೇರ ಬಿಸಿಲಿಗೆ ಇಟ್ಟರೆ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಮೆತ್ತಗಾಗಿ ಆಕಾರ ಕೆಡಬಹುದು. ಆದರೆ ಅವರು ವಸ್ತು ತಂದ ದಿನವೇ ನಾನು ಹೇಳುವ ಮಾತು ಬೇರೆ: ಒಮ್ಮೆ ರೆಸಿನ್ ಒಳಗೆ ಹೋದರೆ ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ. ಅಜ್ಜ, ಅಜ್ಜಿಯ ಕಾಲದ ಒಂದೇ ಒಂದು ಬಾಸಿಂಗ ತಂದವರಿಗೆ ನಾನು ರೆಸಿನ್ ಮಾಡಿಕೊಡುವುದಿಲ್ಲ. ಅಳತೆಗೆ ತಕ್ಕ ಗಾಜಿನ ಪೆಟ್ಟಿಗೆ ಮಾಡಿಸಿ, ಮೂಲೆಯಲ್ಲಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕೊಡುತ್ತೇನೆ. ಹರಳಿನ ಬಣ್ಣ ಬದಲಾದಾಗ ಪೊಟ್ಟಣ ಬದಲಿಸಿದರೆ ಆಯಿತು.