ನಾಯಿ ಫುಡ್ ಕೊಳ್ಳುವ ಮುನ್ನ ಪ್ಯಾಕೆಟ್ ತಿರುಗಿಸಿ ನೋಡಿ

ಪ್ಯಾಕೆಟ್ಟಿನ ಮುಂದಿರುವ ಚಿತ್ರ ಜಾಹೀರಾತು, ಹಿಂದಿರುವ ಸಣ್ಣಕ್ಷರವೇ ಮಾಹಿತಿ. ಮೊದಲು 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' (ಸಂಪೂರ್ಣ, ಸಮತೋಲಿತ ಆಹಾರ) ಎಂಬ ಮಾತು ಹುಡುಕಿ. ಯಾವ ವಯಸ್ಸಿಗೆ ಎಂದೂ ಬರೆದಿರಬೇಕು. 'ಪೂರಕ ಆಹಾರ' ಎಂದಿದ್ದರೆ ಅದು ನಂಚಿಕೊಳ್ಳಲಿಕ್ಕೆ, ಊಟಕ್ಕಲ್ಲ.

ಪ್ರೋಟೀನ್ ಅಂಕಿಯನ್ನು ನೇರವಾಗಿ ಹೋಲಿಸಿದರೆ ಮೋಸಹೋಗುತ್ತೀರಿ. ನೀರಿನಂಶ ಕಳೆದು ಲೆಕ್ಕ ಹಾಕಿ. ಒಣ ಫುಡ್‌ನಲ್ಲಿ ಪ್ರೋಟೀನ್ 24%, ತೇವಾಂಶ 10% ಇದ್ದರೆ 24÷90×100, ಅಂದರೆ ಸುಮಾರು 27%. ಗ್ರೇವಿ ಪೌಚಿನಲ್ಲಿ ಬರೀ 8% ಕಂಡರೂ ತೇವಾಂಶ 80% ಇದ್ದರೆ ಅದು 40%! ಪಶು ಆಹಾರದ ಗುಣಮಟ್ಟ ಗೊತ್ತುಮಾಡುವ ಅಮೆರಿಕದ ಸಂಸ್ಥೆಯಾದ ಎಎಎಫ್‌ಸಿಒ ಮಾನದಂಡದಲ್ಲಿ ಹೀಗೆ ತೇವ ಕಳೆದ ಮೇಲೆ ಬೆಳೆದ ನಾಯಿಗೆ ಕನಿಷ್ಠ 18% ಪ್ರೋಟೀನ್, 5.5% ಕೊಬ್ಬು ಬೇಕು, ಮರಿಗೆ 22.5% ಮತ್ತು 8.5%.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳ ಫುಡ್ಡಿನಲ್ಲಿ ಇದೇ ಲೆಕ್ಕದಂತೆ ಕ್ಯಾಲ್ಸಿಯಂ 1.8% ಮೀರಬಾರದು. ಒಳ್ಳೆಯ ಪಪ್ಪಿ ಫುಡ್ ಹಾಕುತ್ತಲೇ ಮೇಲೊಂದು ಕ್ಯಾಲ್ಸಿಯಂ ಸಿರಪ್ ಕುಡಿಸುವವರೇ ಹೆಚ್ಚು. ಚಿಕ್ಕ ಮರಿಯ ಕರುಳಿಗೆ ಹೆಚ್ಚಾದದ್ದನ್ನು ತಡೆಯುವ ಶಕ್ತಿ ಇರುವುದಿಲ್ಲ, ಮೂಳೆ ಸೊಟ್ಟಗಾಗುತ್ತದೆ. ವೈದ್ಯರು ಹೇಳದೆ ಸಿರಪ್ ಬೇಡ.

ಮಾಂಸ ತರದ ಮನೆಗಳು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟಿವೆ. ಹಸಿರು ಚುಕ್ಕಿಯ ಫುಡ್ ಸಂಪೂರ್ಣ ಆಹಾರವಾಗಿದ್ದರೆ ಬೆಳೆದ ನಾಯಿಗೆ ನಡೆಯುತ್ತದೆ. ಬೆಕ್ಕಿನ ಮಾತೇ ಬೇರೆ: ಅದಕ್ಕೆ ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಾಯಿ ಫುಡ್ಡನ್ನು ಬೆಕ್ಕಿಗೆ ಹಾಕಿ ಸಾಗಹಾಕಬೇಡಿ.

ಸಂತಾನಹರಣ ಆಗಿರುವ 10 ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಸಾಕು. 100 ಗ್ರಾಂಗೆ 350 ಕ್ಯಾಲೊರಿ ಇರುವ ಫುಡ್ ಆದರೆ 180 ಗ್ರಾಂ. ಲೋಟದಲ್ಲಿ ಅಳೆಯದೆ ತೂಕ ಮಾಡಿ. ಅನ್ನ, ಬಿಸ್ಕತ್ತು ಕೊಟ್ಟರೆ ಅಷ್ಟು ಕಡಿಮೆ ಮಾಡಿ. ಬೆಣ್ಣೆದೋಸೆಯ ಜಿಡ್ಡು ಮೇದೋಜೀರಕಕ್ಕೆ ಕೆಟ್ಟದ್ದು. ಖಾರ ಮಂಡಕ್ಕಿಯ ಈರುಳ್ಳಿಯಂತೂ ನಾಯಿಗೆ ವಿಷ.

ಈ ಲೆಕ್ಕದಲ್ಲಿ ತಿಂಗಳಿಗೆ ಐದೂವರೆ ಕೆ.ಜಿ. ಖರ್ಚಾಗುತ್ತದೆ. ಹಾಗಾಗಿ ಅಗ್ಗವೆಂದು 20 ಕೆ.ಜಿ. ಚೀಲ ತರಬೇಡಿ, 3 ಕೆ.ಜಿ.ಯದು ಸಾಕು. ಏಪ್ರಿಲ್ ಬಿಸಿಲಿಗೆ ಬಿಚ್ಚಿಟ್ಟ ಫುಡ್‌ನ ಕೊಬ್ಬು ಬೇಗ ಕಮಟುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವುದಂತೂ ಬೇಡವೇ ಬೇಡ: ತಾರೀಖೂ ಇಲ್ಲ, ಲೇಬಲ್ಲೂ ಇಲ್ಲ. ಫುಡ್ಡನ್ನು ಡಬ್ಬಿಗೆ ಸುರಿಯದೆ ಪ್ಯಾಕೆಟ್ ಸಮೇತ ಒಳಗಿಡಿ.

ಬ್ರ್ಯಾಂಡ್ ಬದಲಿಸುವಾಗ ಏಳು ದಿನ ಬೇಕು: ಮೊದಲೆರಡು ದಿನ ಹೊಸದು ಕಾಲು ಭಾಗ, ಮತ್ತೆರಡು ದಿನ ಅರ್ಧ, ಆಮೇಲೆ ಮುಕ್ಕಾಲು. ಭೇದಿಯಾದರೆ ಹಿಂದಿನ ಹಂತಕ್ಕೇ ಇಳಿಸಿ. ಎರಡು ದಿನದಲ್ಲಿ ನಿಲ್ಲದಿದ್ದರೆ, ರಕ್ತ ಕಂಡರೆ ಅಂದೇ, ಪಶುವೈದ್ಯರಿಗೆ ತೋರಿಸಿ.